ಕಮ್ಮಟದ ದೋಷ, ಕೈವಾಡದ ದೋಷ: ತಪ್ಪಚ್ಚಿನ ನಾಣ್ಯಗಳ ಪ್ರಾಮಾಣ್ಯ ವಿಚಾರ

ಕಮ್ಮಟ ಎಂಬ ಶಬ್ದವನ್ನು ಇಂದಿನ ಸಾಹಿತ್ಯದ ವಿದ್ಯಾರ್ಥಿಗಳು ಕಾವ್ಯ ಕಮ್ಮಟ, ಕಥಾ ಕಮ್ಮಟಗಳ ಆಹ್ವಾನಪತ್ರಿಕೆಗಳಲ್ಲಿ ಮಾತ್ರ ಕಾಣುತ್ತಾರೆ. ಪ್ರಾಚೀನ ಕನ್ನಡದಲ್ಲಿ ಅದು ನಾಣ್ಯಗಳನ್ನು ಅಚ್ಚುಹಾಕುವ ಟಂಕಸಾಲೆಯ ಹೆಸರು. ನಾಣ್ಯ ಎಂಬ ಶಬ್ದವೂ ನಮ್ಮ ಭಾಷೆಯಲ್ಲಿ ಲೋಹದ ಬಿಲ್ಲೆಯನ್ನು ದಾಟಿ ಅರ್ಥವಿಸ್ತಾರವನ್ನು ಪಡೆದಿದೆ. ನಂಬಿಕೆಗೆ ಅರ್ಹನಾದವನನ್ನು ನಾಣ್ಯಸ್ಥ ಎಂದು ಕರೆಯುತ್ತೇವೆ. ಕಮ್ಮಟದಲ್ಲಿ ಹುಟ್ಟಿದ್ದು ನಂಬಿಕೆಗೆ ಯೋಗ್ಯ, ಹೊರಗೆ ಹುಟ್ಟಿದ್ದು ಅಲ್ಲ ಎಂಬ ಹಳೆಯ ವಿವೇಕ ಈ ಎರಡು ಶಬ್ದಗಳ ಹಿಂದೆ ಇದೆ. ಈ ವಿವೇಕವನ್ನು ಇಂದು ವಿಚಿತ್ರವಾದ ರೀತಿಯಲ್ಲಿ ಪರೀಕ್ಷೆಗೆ ಒಡ್ಡಿರುವುದು ಅಂತರ್ಜಾಲದಲ್ಲಿ ನಡೆಯುತ್ತಿರುವ ತಪ್ಪಚ್ಚಿನ ನಾಣ್ಯಗಳ ವ್ಯಾಪಾರ.

ತಪ್ಪಚ್ಚಿನ ನಾಣ್ಯವೆಂದರೆ ಟಂಕಸಾಲೆಯಲ್ಲಿಯೇ ಆಕಸ್ಮಿಕವಾಗಿ ಕೆಟ್ಟು, ಪರಿಶೀಲಕರ ಕಣ್ಣು ತಪ್ಪಿಸಿ ಚಲಾವಣೆಗೆ ಬಂದ ನಾಣ್ಯ. ಅಚ್ಚು ಒಂದು ಬದಿಗೆ ಸರಿದದ್ದು, ಅಂಚು ತುಂಡಾದದ್ದು, ಒಂದು ಮುಖದಲ್ಲಿ ಚಿತ್ರ ತಿರುವುಮುರುವಾಗಿ ಒಳತಗ್ಗಾದದ್ದು ಹೀಗೆ ಅವುಗಳಲ್ಲಿ ಹಲವು ಬಗೆ. ಸಂಗ್ರಾಹಕರು ಅವುಗಳಿಗೆ ಮುಖಬೆಲೆಗಿಂತ ಹೆಚ್ಚು ಹಣ ಕೊಡುತ್ತಾರೆ. ಬೆಲೆ ಬಂದ ಕಡೆ ನಕಲಿಯೂ ಬರುತ್ತದೆ. ಆದರೆ ಇಲ್ಲಿಯ ನಕಲಿ ಸಾಮಾನ್ಯ ಖೋಟಾ ನಾಣ್ಯದಂತಹುದಲ್ಲ. ಖೋಟಾ ನಾಣ್ಯವನ್ನು ಮಾಡುವವನು ನಿರ್ದೋಷವಾದುದನ್ನು ಅನುಕರಿಸುತ್ತಾನೆ. ಇವನು ದೋಷವನ್ನೇ ಅನುಕರಿಸುತ್ತಾನೆ. ಅಸಲಿ ನಾಣ್ಯವೊಂದನ್ನು ತೆಗೆದುಕೊಂಡು, ಅದನ್ನು ಕೆಡಿಸಿ, ಕೆಟ್ಟದ್ದು ಕಮ್ಮಟದಲ್ಲಿ ಎಂದು ಹೇಳಿ ಮಾರುತ್ತಾನೆ.

ಹಸ್ತಪ್ರತಿ ಮತ್ತು ಶಾಸನಗಳೊಡನೆ ಕೆಲಸಮಾಡುವವರಿಗೆ ಈ ಸಮಸ್ಯೆ ಹೊಸದಲ್ಲ. ಲಿಪಿಕಾರನ ಕೈತಪ್ಪು ಯಾವುದು, ಅನಂತರದವನ ತಿದ್ದುಪಡಿ ಯಾವುದು ಎಂಬುದನ್ನು ಬೇರ್ಪಡಿಸುವುದೇ ಗ್ರಂಥಸಂಪಾದನೆಯ ಅರ್ಧ ಕೆಲಸ. ದೋಷಕ್ಕೂ ಒಂದು ಕಾರಣವಿರುತ್ತದೆ. ನಕಲು ಮಾಡುವವನು ದೋಷದ ರೂಪವನ್ನು ತರಬಲ್ಲ, ಅದರ ಕಾರಣವನ್ನು ತರಲಾರ. ಕಾರಣವು ಬಿಟ್ಟುಹೋಗುವ ಗುರುತುಗಳನ್ನು ಹುಡುಕುವುದೇ ಪ್ರಾಮಾಣ್ಯದ ಪರೀಕ್ಷೆ ಎಂಬುದು ಈ ಲೇಖನದ ಪ್ರತಿಪಾದನೆ. ಸೇಡಂ ತಾಲೂಕಿನ ಮಳಖೇಡ, ಅಂದರೆ ಅಂದಿನ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ. ಅವನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗದ ಮೊದಲನೆಯ ಪರಿಚ್ಛೇದದ ವಿಷಯವೇ ದೋಷ ಮತ್ತು ಅದೋಷಗಳ ನಿರ್ಣಯ ಎಂಬುದನ್ನು ನೆನೆದರೆ, ಈ ವಿಚಾರವನ್ನು ಈ ನೆಲದ ಉದಾಹರಣೆಗಳ ಮೂಲಕವೇ ಬೆಳೆಸುವುದು ಉಚಿತವೆನಿಸುತ್ತದೆ.

ಹಾಲಿ ಮತ್ತು ಕಲ್ದಾರ

ದೋಷವನ್ನು ಗುರುತಿಸುವ ಮೊದಲು ನಿಯಮವನ್ನು ತಿಳಿಯಬೇಕು. ನಿಯಮವಿಲ್ಲದ ಕಡೆ ದೋಷವೂ ಇಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯ ನಾಣ್ಯಚರಿತ್ರೆ ಇದನ್ನು ಚೆನ್ನಾಗಿ ತೋರಿಸುತ್ತದೆ.

ಚಿತ್ತಾಪುರ ತಾಲೂಕಿನಲ್ಲಿ ಭೀಮಾನದಿಯ ದಂಡೆಯ ಮೇಲಿರುವ ಸನ್ನತಿ ಮತ್ತು ಅದರ ನೆರೆಯ ಕನಗನಹಳ್ಳಿ ಅಶೋಕನ ಶಾಸನಗಳಿಂದಲೂ ಬೌದ್ಧ ಸ್ತೂಪದಿಂದಲೂ ಪ್ರಸಿದ್ಧವಾದ ಸ್ಥಳಗಳು. ಅಲ್ಲಿ ದೊರೆತ ಶಾತವಾಹನ ನಾಣ್ಯಗಳು ಆ ಕಾಲದ ಅರಸರ ಅನುಕ್ರಮವನ್ನು ತಿಳಿಯಲು ಬೇಕಾದ ಆಕರಗಳು. ಶಾತವಾಹನರ ಸೀಸದ ನಾಣ್ಯಗಳಲ್ಲಿ ಚಿತ್ರ ಬಿಲ್ಲೆಯ ನಡುವೆ ಕುಳಿತಿರುವುದೇ ಅಪರೂಪ. ಅಕ್ಷರಗಳು ಅಂಚಿನಾಚೆ ಹೋಗಿ ಅರಸನ ಹೆಸರಿನ ಒಂದು ತುಂಡು ಮಾತ್ರ ಉಳಿದಿರುವುದು ಸಾಮಾನ್ಯ. ಅನಂತರ ಕಲಬುರಗಿಯನ್ನು ರಾಜಧಾನಿಯಾಗಿ ಮಾಡಿಕೊಂಡ ಬಹಮನಿ ಸುಲ್ತಾನರ ತಾಮ್ರದ ನಾಣ್ಯಗಳಲ್ಲಿಯೂ ಬರಹ ಪೂರ್ತಿಯಾಗಿ ಬಿದ್ದಿರುವುದು ಕಡಿಮೆ. ಮಳಖೇಡದ ವಿಷಯದಲ್ಲಂತೂ ಸ್ಥಿತಿ ಇನ್ನೂ ಬೇರೆ. ಶಾಸನಗಳಲ್ಲಿ ಗದ್ಯಾಣ, ದ್ರಮ್ಮಗಳ ಮಾತು ಬರುತ್ತದೆ. ಆದರೆ ರಾಷ್ಟ್ರಕೂಟರದೆಂದು ನಿಸ್ಸಂದೇಹವಾಗಿ ಹೇಳಬಹುದಾದ ನಾಣ್ಯಗಳು ತೀರ ವಿರಳ. ಹೀಗಿರುವಾಗ ಯಾರಾದರೂ ಅಂತಹ ನಾಣ್ಯವನ್ನು, ಅದರಲ್ಲಿಯೂ ತಪ್ಪಚ್ಚಿನದನ್ನು ಮಾರಾಟಕ್ಕಿಟ್ಟರೆ ಸಂಶಯಪಡಲು ಅಷ್ಟೇ ಸಾಕು.

ನಿಜಾಮರ ಕಾಲದಲ್ಲಿ ಈ ಸೀಮೆಯ ಜನ ಎರಡು ರೂಪಾಯಿಗಳ ನಡುವೆ ಬದುಕಿದರು. ಒಂದು ಹೈದರಾಬಾದು ಸಂಸ್ಥಾನದ ಹಾಲಿ ಸಿಕ್ಕಾ. ಇನ್ನೊಂದು ಬ್ರಿಟಿಷ್ ಇಂಡಿಯಾದ ಕಲ್ದಾರ. 1874ರಲ್ಲಿ ನಿಜಾಮರ ರೈಲುಮಾರ್ಗ ವಾಡಿಯಿಂದ ಸಿಕಂದರಾಬಾದಿಗೆ ತೆರೆದ ಮೇಲೆ, ಮುಂಬಯಿ-ಮದರಾಸು ಮಾರ್ಗವನ್ನು ಅದು ಕೂಡುವ ವಾಡಿ ಈ ಎರಡು ಹಣಗಳೂ ಸಂಧಿಸುವ ಜಾಗವಾಯಿತು. ಕೊನೆಯ ದಶಕಗಳಲ್ಲಿ 7 ಹಾಲಿ ರೂಪಾಯಿಗೆ 6 ಕಲ್ದಾರ ಎಂಬುದು ಲೆಕ್ಕ. ಶಬ್ದಗಳನ್ನು ಗಮನಿಸಬೇಕು. ಹಾಲಿ ಎಂದರೆ ಸದ್ಯ ಚಲಾವಣೆಯಲ್ಲಿರುವುದು. ಕಲ್ ಎಂದರೆ ಯಂತ್ರ, ಕಲ್ದಾರ ಎಂದರೆ ಯಂತ್ರದಿಂದ ಆದದ್ದು. ಕೈಯಿಂದ ಬಡಿದ ನಾಣ್ಯಕ್ಕೂ ಯಂತ್ರ ಒತ್ತಿದ ನಾಣ್ಯಕ್ಕೂ ಇರುವ ಭೇದವನ್ನು ಜನ ಹೆಸರಿನಲ್ಲಿಯೇ ಹಿಡಿದಿಟ್ಟಿದ್ದರು.

ಈ ಭೇದ ನಮ್ಮ ವಿಷಯಕ್ಕೆ ಮೂಲಭೂತವಾದದ್ದು. ಕೈಯಚ್ಚಿನ ನಾಣ್ಯದಲ್ಲಿ ಅಚ್ಚು ಬಿಲ್ಲೆಗಿಂತ ದೊಡ್ಡದು. ಬರಹದ ಒಂದು ಭಾಗ ಮಾತ್ರ ಬೀಳುವುದು ಆ ವಿಧಾನದ ಸ್ವಭಾವ. ಅಂತಹ ಹಳೆಯ ಹಾಲಿ ಸಿಕ್ಕಾವನ್ನು 'ಅಚ್ಚು ಸರಿದ ಅಪರೂಪದ ನಾಣ್ಯ' ಎಂದು ಮಾರುವವನು ನಾಣ್ಯವನ್ನು ಮುಟ್ಟದೆಯೇ ಮೋಸಮಾಡುತ್ತಿದ್ದಾನೆ. ಮುದ್ರಿತ ಪುಸ್ತಕದ ಕಾಗುಣಿತದ ನಿಯಮವನ್ನು ತಾಳೆಗರಿಗೆ ಹೇರಿ ಪ್ರತಿಯೊಂದು ರೂಪಭೇದವನ್ನೂ ತಪ್ಪು ಎಂದು ಎಣಿಸಿದಂತೆ ಇದು. ತಪ್ಪಚ್ಚು ಎಂಬ ಕಲ್ಪನೆಗೆ ಅರ್ಥ ಬರುವುದು ಕಲ್ದಾರದಿಂದ ಈಚೆಗೆ, ಪ್ರತಿಯೊಂದು ನಾಣ್ಯವೂ ಇನ್ನೊಂದರಂತೆಯೇ ಇರಬೇಕು ಎಂಬ ಯಂತ್ರನಿಯಮ ಬಂದ ಮೇಲೆ. ಸಿಕಂದರ್ ಜಾಹನ ಕಾಲದಲ್ಲಿ, 1803ರಲ್ಲಿ ಆರಂಭವಾದ ಹೈದರಾಬಾದಿನ ಟಂಕಸಾಲೆ 1903ರಲ್ಲಿ ಸೈಫಾಬಾದಿಗೆ ಬಂದಿತು. 20ನೆಯ ಶತಮಾನದ ಆರಂಭದಿಂದ ಚಾರ್‌ಮಿನಾರಿನ ಚಿತ್ರವುಳ್ಳ ಯಂತ್ರನಿರ್ಮಿತ ರೂಪಾಯಿಗಳು ಹೊರಟವು. 1950ರಲ್ಲಿ ಅದು ಭಾರತ ಸರಕಾರದ ವಶಕ್ಕೆ ಬಂದು, 1997ರಲ್ಲಿ ಚೆರ್ಲಪಲ್ಲಿಗೆ ಸ್ಥಳಾಂತರವಾಯಿತು. ಇಂದು ನಮ್ಮ ಕೈಗೆ ಬರುವ ನಾಣ್ಯಗಳಲ್ಲಿ ಇಸವಿಯ ಕೆಳಗೆ ನಕ್ಷತ್ರದ ಗುರುತಿರುವುವು ಅಲ್ಲಿಯವೇ.

ಯಂತ್ರ ಹೇಗೆ ತಪ್ಪುತ್ತದೆ

ಯಂತ್ರದ ತಪ್ಪನ್ನು ತಿಳಿಯಲು ನಾಣ್ಯ ಹುಟ್ಟುವ ಕ್ರಮವನ್ನು ಸಂಕ್ಷೇಪವಾಗಿ ನೋಡಬೇಕು. ಲೋಹದ ಉದ್ದನೆಯ ಪಟ್ಟಿಯಿಂದ ದುಂಡನೆಯ ಖಾಲಿ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಅವುಗಳನ್ನು ಕಾಯಿಸಿ ಮೆದುಗೊಳಿಸುತ್ತಾರೆ. ಬಿಲ್ಲೆಯ ಸುತ್ತ ಸ್ವಲ್ಪ ಎತ್ತರದ ಕಟ್ಟು ಏಳುವಂತೆ ಅಂಚನ್ನು ಒತ್ತುತ್ತಾರೆ. ಕೊನೆಗೆ ಬಿಲ್ಲೆಯನ್ನು ಉಕ್ಕಿನ ಬಳೆಯೊಂದರೊಳಗೆ ಕೂರಿಸಿ ಮೇಲಿನ ಮತ್ತು ಕೆಳಗಿನ ಅಚ್ಚುಗಳ ನಡುವೆ ಭಾರಿ ಒತ್ತಡಕ್ಕೆ ಗುರಿಮಾಡುತ್ತಾರೆ. ಆ ಕ್ಷಣದಲ್ಲಿ ಲೋಹ ದ್ರವದಂತೆ ಹರಿದು ಅಚ್ಚಿನ ತಗ್ಗುಗಳನ್ನು ತುಂಬುತ್ತದೆ. ಬಳೆಯು ಅದು ಹೊರಗೆ ಹರಡದಂತೆ ತಡೆಯುತ್ತದೆ. ಎರಡು ಮುಖಗಳೂ, ಅಂಚೂ ಒಂದೇ ಪೆಟ್ಟಿಗೆ ಆಗುತ್ತವೆ.

ಆದುದರಿಂದ ಇಂತಹ ನಿಜವಾದ ದೋಷವೊಂದು ಸಾಮಾನ್ಯವಾಗಿ ನಾಣ್ಯದ ಒಂದು ಕಡೆ ಮಾತ್ರ ಇರುವುದಿಲ್ಲ. ಒಂದು ಕಡೆ ಏನಾದರೂ ಆದರೆ ಲೋಹದ ಹರಿವು ಅದರ ಸುದ್ದಿಯನ್ನು ಇನ್ನೊಂದು ಕಡೆಗೆ ಮುಟ್ಟಿಸುತ್ತದೆ. ನಕಲಿ ದೋಷ ತಾನು ಆದ ಜಾಗದಲ್ಲಿಯೇ ಮುಗಿದುಹೋಗುತ್ತದೆ. ಮುಂದಿನ ಉದಾಹರಣೆಗಳಲ್ಲೆಲ್ಲ ಈ ಒಂದೇ ತತ್ತ್ವವಿದೆ.

ತುಂಡಾದ ಅಂಚು. ಪಟ್ಟಿಯಿಂದ ಬಿಲ್ಲೆ ಕತ್ತರಿಸುವಾಗ ಈಗಾಗಲೇ ತೂತಾದ ಜಾಗದ ಮೇಲೆ ಮತ್ತೆ ಕತ್ತರಿ ಬಿದ್ದರೆ ಕಮಾನಿನಾಕಾರದ ಒಂದು ತುಂಡು ಇಲ್ಲದ ಬಿಲ್ಲೆ ಹುಟ್ಟುತ್ತದೆ. ಅಂಚಿನ ಕಟ್ಟನ್ನು ಎಬ್ಬಿಸುವಾಗ ಆ ಖಾಲಿ ಜಾಗದ ನೇರ ಎದುರಿಗೆ ಒತ್ತಡ ಸಾಲದೆ ಅಲ್ಲಿಯೂ ಕಟ್ಟು ಮಸುಕಾಗುವುದುಂಟು. ಅಚ್ಚು ಬಿದ್ದಾಗ ಲೋಹ ಖಾಲಿ ಜಾಗದ ಕಡೆಗೆ ಹರಿಯುವುದರಿಂದ ಅಲ್ಲಿಯ ಅಕ್ಷರಗಳು ಮೆಲ್ಲಗೆ ತೆಳುವಾಗಿ ಎಳೆದಂತೆ ಕಾಣುತ್ತವೆ. ಅರದಿಂದ ಉಜ್ಜಿ ಅಥವಾ ಕತ್ತರಿಸಿ ಮಾಡಿದ ನಕಲಿಯಲ್ಲಿ ಅಕ್ಷರವು ಪೂರ್ಣ ಎತ್ತರದಲ್ಲಿಯೇ ಇದ್ದು ಥಟ್ಟನೆ ಕಡಿದುಹೋಗಿರುತ್ತದೆ. ಎದುರಿನ ಕಟ್ಟು ಗಟ್ಟಿಯಾಗಿಯೇ ಇರುತ್ತದೆ. ಕಡಿದ ಬದಿಯಲ್ಲಿ ಉಪಕರಣದ ಗೀರುಗಳಿರುತ್ತವೆ. ಶಹಾಬಾದದ ಫರಸಿಕಲ್ಲಿನ ಕೆಲಸ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಪದರಿನಿಂದ ತಾನಾಗಿ ಬಿಟ್ಟುಕೊಂಡ ಕಲ್ಲಿನ ಮೈಗೂ ಗರಗಸದಿಂದ ಕೊಯ್ದ ಮೈಗೂ ಇರುವ ವ್ಯತ್ಯಾಸ ಅವರ ಬೆರಳಿಗೆ ಗೊತ್ತು.

ಸರಿದ ಅಚ್ಚು. ಬಿಲ್ಲೆ ಬಳೆಯೊಳಗೆ ಸರಿಯಾಗಿ ಕೂರದಿದ್ದರೆ ಚಿತ್ರ ಒಂದು ಬದಿಗೆ ಬಿದ್ದು ಇನ್ನೊಂದು ಬದಿ ಖಾಲಿ ಉಳಿಯುತ್ತದೆ. ಆಗ ಲೋಹವನ್ನು ತಡೆಯುವ ಬಳೆ ಇಲ್ಲದ್ದರಿಂದ ನಾಣ್ಯ ಹರಡಿ ಅದರ ದುಂಡು ಕೆಡುತ್ತದೆ. ಖಾಲಿ ಭಾಗ ಎರಡೂ ಮುಖಗಳಲ್ಲಿ ಒಂದೇ ಸ್ಥಾನದಲ್ಲಿರುತ್ತದೆ. ಸಾಮಾನ್ಯ ನಾಣ್ಯದ ಒಂದು ಭಾಗವನ್ನು ಸಾಣೆಹಿಡಿದು ನುಣುಪು ಮಾಡಿದಾಗ ಹೊರಗಿನ ವೃತ್ತ ಕೆಡುವುದಿಲ್ಲ, ಉಜ್ಜಿದ ಜಾಗ ತೆಳುವಾಗುತ್ತದೆ, ತೂಕ ಕಡಿಮೆಯಾಗುತ್ತದೆ, ಹಿಂಬದಿಯ ಚಿತ್ರ ಅಖಂಡವಾಗಿ ಉಳಿದು ಸಾಕ್ಷಿ ಹೇಳುತ್ತದೆ.

ಒಳತಗ್ಗಿನ ಪ್ರತಿಬಿಂಬ. ಒತ್ತಿದ ನಾಣ್ಯವೊಂದು ಅಚ್ಚಿಗೆ ಅಂಟಿಕೊಂಡು ಉಳಿದರೆ ಮುಂದಿನ ಬಿಲ್ಲೆಗೆ ಆ ಬದಿಯಲ್ಲಿ ಅಚ್ಚಿನ ಬದಲು ಹಿಂದಿನ ನಾಣ್ಯದ ಮುಖವೇ ಒತ್ತುತ್ತದೆ. ಪರಿಣಾಮವಾಗಿ ಒಂದು ಮುಖದಲ್ಲಿ ಚಿತ್ರ ಎಂದಿನಂತೆ ಉಬ್ಬಿದ್ದು, ಇನ್ನೊಂದು ಮುಖದಲ್ಲಿ ಅದೇ ಚಿತ್ರ ತಿರುವುಮುರುವಾಗಿ ತಗ್ಗಿರುತ್ತದೆ. ಸಂಗ್ರಾಹಕರಿಗೆ ಇದು ಪ್ರಿಯವಾದ ದೋಷ. ಆದ್ದರಿಂದ ನಕಲಿಯೂ ಹೆಚ್ಚು. ಎರಡು ನಾಣ್ಯಗಳನ್ನು ಕಮ್ಮಾರನ ಹಿಡಿಕೆಯಲ್ಲಿ ಸೇರಿಸಿ ಬಿಗಿದರೆ ಒಂದರ ಗುರುತು ಇನ್ನೊಂದರ ಮೇಲೆ ಬೀಳುತ್ತದೆ. ಆದರೆ ಒತ್ತಿಸಿಕೊಂಡ ನಾಣ್ಯದಲ್ಲಿ ಮೊದಲೇ ಒಂದು ಚಿತ್ರವಿತ್ತಲ್ಲ! ಸಿಂಹಶೀರ್ಷದ ಅವಶೇಷ ಚಪ್ಪಟೆಯಾಗಿ, ಹೊಸ ತಗ್ಗಿನ ಸುತ್ತ ಉಳಿದುಕೊಂಡಿರುತ್ತದೆ. ತಾಳೆಗರಿಯಲ್ಲಿ ಒಂದು ಬರಹವನ್ನು ಕೆರೆದು ಮತ್ತೊಂದನ್ನು ಬರೆದಾಗ ಹಳೆಯ ಗೀರು ಕಾಣುವ ಹಾಗೆ.

ತಿರುಗಿದ ಒಳಬಿಲ್ಲೆ. ₹10ರ ನಾಣ್ಯ ಎರಡು ಲೋಹಗಳದು. ಹಳದಿ ಬಳೆಯೊಳಗೆ ಬಿಳಿಯ ಬಿಲ್ಲೆ. ಎರಡನ್ನೂ ಬೆಸೆಯುವುದು ಅಚ್ಚಿನ ಪೆಟ್ಟೇ. ಬಿಲ್ಲೆ ಜರುಗಿ ಕುಳಿತ ಮೇಲೆ ಪೆಟ್ಟು ಬಿದ್ದಿದ್ದರೆ ಚಿತ್ರದ ಗೆರೆಗಳು ಲೋಹದ ಗಡಿಯನ್ನು ಲೆಕ್ಕಿಸದೆ ಅಖಂಡವಾಗಿ ಹಾದುಹೋಗುತ್ತವೆ. ಸುತ್ತಿಗೆಯಿಂದ ಬಿಲ್ಲೆಯನ್ನು ಹೊರದೂಡಿ, ತಿರುಗಿಸಿ ಮತ್ತೆ ಕೂರಿಸಿದ್ದರೆ ಗೆರೆಗಳು ಗಡಿಯಲ್ಲಿ ಮುರಿದಿರುತ್ತವೆ, ಸಂದಿನಲ್ಲಿ ಗೀರುಗಳೂ ಸಡಿಲವೂ ಕಾಣುತ್ತವೆ.

ಬೇರೆ ಲೋಹ, ತೆಳು ಬಿಲ್ಲೆ. ₹5ರ ನಾಣ್ಯ 1992ರಿಂದ ತಾಮ್ರ-ನಿಕಲ್ ಮಿಶ್ರಲೋಹದಲ್ಲಿ 9 ಗ್ರಾಂ ತೂಗುತ್ತಿತ್ತು. 2007ರಿಂದ ಕೆಲಕಾಲ ಉಕ್ಕಿನಲ್ಲಿ, ಅನಂತರ ಹಿತ್ತಾಳೆ ಬಣ್ಣದ ನಿಕಲ್ ಮಿಶ್ರಣದಲ್ಲಿ 6 ಗ್ರಾಂಗೆ ಇಳಿಯಿತು. ವ್ಯಾಸ ಮಾತ್ರ 23 ಮಿಲಿಮೀಟರಾಗಿಯೇ ಉಳಿಯಿತು. ಹಳದಿ ನಾಣ್ಯಕ್ಕೆ ಬಿಳಿಯ ಲೇಪ ಕೊಟ್ಟು 'ಉಕ್ಕಿನ ಬಿಲ್ಲೆಯ ಮೇಲೆ ತಪ್ಪಿ ಬಿದ್ದ ಅಚ್ಚು' ಎಂದು ಮಾರುವುದುಂಟು. ಅಂಗಡಿಯಲ್ಲಿ ಸಿಗುವ ಅಯಸ್ಕಾಂತವೇ ಇಲ್ಲಿ ಮೊದಲ ಪರೀಕ್ಷಕ. ಆ ಉಕ್ಕು ಅದಕ್ಕೆ ಅಂಟುತ್ತದೆ, ಹಿತ್ತಾಳೆ ಅಂಟುವುದಿಲ್ಲ. ಆಮ್ಲದಲ್ಲಿ ಅದ್ದಿ ಸವೆಸಿದ ನಾಣ್ಯವನ್ನು ತೆಳು ಬಿಲ್ಲೆಯ ದೋಷವೆನ್ನುವವರೂ ಇದ್ದಾರೆ. ಅಸಲಿ ತೆಳು ಬಿಲ್ಲೆಯಲ್ಲಿ ಒತ್ತಡ ಸಾಲದ ಜಾಗಗಳು ಮಾತ್ರ ಮಸುಕಾಗುತ್ತವೆ. ಆಮ್ಲ ಎಲ್ಲವನ್ನೂ ಒಂದೇ ಸಮನಾಗಿ ತಿನ್ನುತ್ತದೆ ಮತ್ತು ಮೈಯನ್ನು ಒರಟಾಗಿಸುತ್ತದೆ.

ಎರಡೂ ಕಡೆ ಒಂದೇ ಮುಖ. ಒಂದು ನಾಣ್ಯವನ್ನು ಬಟ್ಟಲಿನಂತೆ ಕೊರೆದು, ಇನ್ನೊಂದನ್ನು ತೆಳ್ಳಗೆ ಕಡೆದು ಅದರೊಳಗೆ ಕೂರಿಸಿದರೆ ಎರಡು ಕಡೆಯೂ ಸಿಂಹಗಳಿರುವ ನಾಣ್ಯ ಸಿದ್ಧ. ಜಾದೂಗಾರರು ಬಳಸುವ ಸಾಧನವಿದು. ಕಟ್ಟಿನ ಒಳಬದಿಯಲ್ಲಿ ಕೂದಲೆಳೆಯಷ್ಟು ಬೆಸುಗೆಯ ಗೆರೆಯನ್ನು ಭೂತಗನ್ನಡಿ ತೋರಿಸುತ್ತದೆ. ಕಲ್ಲಿನ ಮೇಲೆ ಬೀಳಿಸಿದರೆ ನಾದ ಮಂಕಾಗಿರುತ್ತದೆ. ಚಿನಿವಾರರು ರೂಪಾಯಿಯನ್ನು ಚಿಮ್ಮಿ ಕಿವಿಗೊಡುತ್ತಿದ್ದುದು ಸುಮ್ಮನೆ ಅಲ್ಲ.

ದೋಷವೇ ಅಲ್ಲದ ದೋಷ

ನಾಣ್ಯವನ್ನು ಕೆಡಿಸದೆ, ಕೊಳ್ಳುವವನ ಅಜ್ಞಾನವನ್ನು ಮಾತ್ರ ಬಳಸಿಕೊಳ್ಳುವ ಮೋಸ ಇನ್ನೊಂದು ಬಗೆಯದು. ಇದರ ಅತ್ಯಂತ ಸರಳ ಉದಾಹರಣೆ 'ಗುರುತಿಲ್ಲದ ನಾಣ್ಯ'. ಮುಂಬಯಿಯ ಟಂಕಸಾಲೆಯ ಗುರುತು ವಜ್ರಾಕೃತಿ, ಹೈದರಾಬಾದಿನದು ನಕ್ಷತ್ರ, ನೋಯ್ಡಾದ್ದು ದುಂಡು ಚುಕ್ಕೆ. ಕೋಲ್ಕತ್ತಾದ ಸಾಮಾನ್ಯ ನಾಣ್ಯಗಳಿಗೆ ಗುರುತೇ ಇಲ್ಲ. ಇದನ್ನು ತಿಳಿಯದವರಿಗೆ ಕೋಲ್ಕತ್ತಾದ ಸಾಧಾರಣ ನಾಣ್ಯವನ್ನು 'ಟಂಕಸಾಲೆಯ ಗುರುತು ಬಿಟ್ಟುಹೋದ ಅಪೂರ್ವ ದೋಷ' ಎಂದು ತೋರಿಸಲಾಗುತ್ತದೆ. ಅಂಕಿತವಿಲ್ಲದ ವಚನವನ್ನೆಲ್ಲ ಲಿಪಿಕಾರನ ತಪ್ಪೆಂದು ಸಾರಿದರೆ ಎಷ್ಟು ಸರಿಯೋ ಇದೂ ಅಷ್ಟೇ ಸರಿ. ಹೈದರಾಬಾದಿನ ಟಂಕಸಾಲೆ ಹಿಂದೆ ಸೀಳಿದ ವಜ್ರ, ನಡುವೆ ಚುಕ್ಕೆಯಿರುವ ವಜ್ರ ಎಂಬ ಗುರುತುಗಳನ್ನೂ ಬಳಸಿತ್ತು. ಅವನ್ನು ಮುಂಬಯಿಯ ವಜ್ರ ಒಡೆದದ್ದು ಎಂದು ಓದುವುದೂ ಅದೇ ಬಗೆಯ ಅಪಪಾಠ.

ಸ್ಮಾರಕ ನಾಣ್ಯಗಳ ಹೆಸರಿನಲ್ಲಿಯೂ ಇದು ನಡೆಯುತ್ತದೆ. ಭಗವಾನ್ ಮಹಾವೀರರ 2600ನೆಯ ಜನ್ಮಕಲ್ಯಾಣಕದ ಸ್ಮರಣೆಗೆ 2001ರಲ್ಲಿ ಬಂದ ₹5ರ ನಾಣ್ಯವನ್ನು ಜೈನ ಮನೆಗಳಲ್ಲಿ ಭಕ್ತಿಯಿಂದ ಎತ್ತಿಟ್ಟಿರುವುದು ಸಹಜ. 2012ರ ಮಾತಾ ವೈಷ್ಣೋದೇವಿ ಮಂದಿರ ಮಂಡಳಿಯ ಸ್ಮಾರಕ ನಾಣ್ಯಕ್ಕೂ ಅಂತಹ ಗೌರವವಿದೆ. ಇವು ಉದ್ದೇಶಪೂರ್ವಕವಾಗಿ ಮಾಡಿದ, ಚಲಾವಣೆಗೆ ಬಿಟ್ಟ ನಾಣ್ಯಗಳು. ಭಿನ್ನವಾಗಿ ಕಾಣುತ್ತವೆಂಬ ಮಾತ್ರಕ್ಕೆ ದೋಷನಾಣ್ಯಗಳಾಗುವುದಿಲ್ಲ. ₹10ರ ನಾಣ್ಯದ ವಿವಿಧ ವಿನ್ಯಾಸಗಳನ್ನು ನಕಲಿಯೆಂದು ವರ್ತಕರು ನಿರಾಕರಿಸುತ್ತಿದ್ದಾಗ, ಆ ತನಕ ಬಂದಿದ್ದ 14 ವಿನ್ಯಾಸಗಳೂ ಸಿಂಧುವೆಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ಸ್ಪಷ್ಟಪಡಿಸಬೇಕಾಯಿತು. ವಿವಿಧತೆಯನ್ನು ದೋಷವೆಂದು ತಿಳಿಯುವ ಭ್ರಮೆ ಒಂದೆಡೆ ಅಸಲಿಯನ್ನು ನಕಲಿಯಾಗಿಸುತ್ತದೆ, ಇನ್ನೊಂದೆಡೆ ಸಾಧಾರಣವನ್ನು ಅಪೂರ್ವವಾಗಿಸುತ್ತದೆ.

ಕಾಲವಿರೋಧ: ಕಂಪನಿ ನಾಣ್ಯವೂ ಮರ್ಕರಾ ತಾಮ್ರಪಟವೂ

ಮೂರನೆಯದು ಯಾವ ಟಂಕಸಾಲೆಯಲ್ಲಿಯೂ ಹುಟ್ಟದ, ಆದಿಯಿಂದ ಅಂತ್ಯದವರೆಗೆ ಕಲ್ಪಿತವಾದ ವಸ್ತು. ಒಂದು ಕಡೆ ರಾಮ ಪಟ್ಟಾಭಿಷೇಕ ಅಥವಾ ಹನುಮಂತ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು, 'ಯು.ಕೆ.ಎಲ್. ಒಂದು ಆಣೆ' ಎಂಬ ಬರಹ, 1818 ಎಂಬ ಇಸವಿ. ಇಂತಹ ತಾಮ್ರದ ಬಿಲ್ಲೆಗಳು ಮಾರುಕಟ್ಟೆಯಲ್ಲಿ ಹೇರಳವಾಗಿವೆ. ಅವುಗಳಲ್ಲಿಯೂ ಅಚ್ಚು ತಪ್ಪಿದವಕ್ಕೆ ಹೆಚ್ಚಿನ ಬೆಲೆ ಹೇಳುತ್ತಾರೆ. ಅಕ್ಕಿಯನ್ನು ಎಳೆಯುತ್ತದೆ ಎಂದು ನಂಬಿಸಿ ಲಕ್ಷಗಟ್ಟಲೆ ಕೀಳುವ 'ರೈಸ್ ಪುಲ್ಲಿಂಗ್' ವಂಚನೆಯಲ್ಲಿ ಬಳಸುವುದೂ ಇಂತಹ ಬಿಲ್ಲೆಗಳನ್ನೇ. ಕಂಪನಿಯ ಏಕರೂಪದ ನಾಣ್ಯಪದ್ಧತಿ ಜಾರಿಗೆ ಬಂದದ್ದು 1835ರಲ್ಲಿ. ಬ್ರಿಟಿಷ್ ಇಂಡಿಯಾದ ಒಂದಾಣೆಯ ನಾಣ್ಯ ತಾಮ್ರ-ನಿಕಲ್ ಮಿಶ್ರಲೋಹದಲ್ಲಿ ಚಲಾವಣೆಗೆ ಬಂದದ್ದು 1907ರಿಂದ. ಮೂಲವೇ ಇಲ್ಲದಾಗ ಅದರ ದೋಷಪೂರ್ಣ ಪ್ರತಿ ಎಲ್ಲಿಂದ ಬರಬೇಕು?

ಇದು ಕಾಲವಿರೋಧದ ಪರೀಕ್ಷೆ. ಶಾಸನಶಾಸ್ತ್ರದಲ್ಲಿ ಇದಕ್ಕೆ ಪ್ರಸಿದ್ಧವಾದ ಉದಾಹರಣೆಯಿದೆ, ಮತ್ತು ಅದು ಮಳಖೇಡದ ಚರಿತ್ರೆಯನ್ನು ಮುಟ್ಟುತ್ತದೆ. ಮಡಿಕೇರಿಯಲ್ಲಿ ದೊರೆತು ಬಿ. ಎಲ್. ರೈಸ್ ಅವರು ಪ್ರಕಟಿಸಿದ ಮರ್ಕರಾ ತಾಮ್ರಪಟ ಗಂಗರ ಅವಿನೀತನ ಕಾಲದ್ದೆಂದು ಹೇಳಿಕೊಳ್ಳುತ್ತದೆ. ಬದಣೆಗುಪ್ಪೆ ಎಂಬ ಗ್ರಾಮವನ್ನು ತಲಕಾಡಿನ ಜಿನಾಲಯಕ್ಕೆ ಕೊಟ್ಟದ್ದು ಅದರ ವಿಷಯ. 388 ಎಂಬ ವರ್ಷವನ್ನು ಶಕವರ್ಷವೆಂದು ಹಿಡಿದರೆ ಕ್ರಿ.ಶ. 466 ಆಗುತ್ತದೆ. ಅದರಲ್ಲಿ ಕೊಂಡಕುಂದಾನ್ವಯದ ಆಚಾರ್ಯಪರಂಪರೆ ಬರುವುದರಿಂದ ಕುಂದಕುಂದಾಚಾರ್ಯರ ಕಾಲನಿರ್ಣಯದ ಚರ್ಚೆಯಲ್ಲಿ ಅದನ್ನು ಆಧಾರವಾಗಿ ಬಳಸಿದವರುಂಟು. ಆದರೆ ಅದರ ಲಿಪಿ ಆ ಕಾಲದ್ದಲ್ಲ, ಬಹಳ ಈಚಿನದು. ಜೊತೆಗೆ ಅದರಲ್ಲಿ ಅಕಾಲವರ್ಷ ಪೃಥ್ವೀವಲ್ಲಭನ ಮಂತ್ರಿಯ ಉಲ್ಲೇಖವಿದೆ. ಅಕಾಲವರ್ಷ ಎಂಬುದು ರಾಷ್ಟ್ರಕೂಟ ಕೃಷ್ಣರ ಬಿರುದು. ರಾಷ್ಟ್ರಕೂಟರ ಸಾಮ್ರಾಜ್ಯ ತಲೆಯೆತ್ತಿದ್ದು 8ನೆಯ ಶತಮಾನದ ನಡುವೆ. ಗಂಗರ ಹಲವು ತಾಮ್ರಪಟಗಳನ್ನು ಕೂಟಶಾಸನಗಳೆಂದು ತಳ್ಳಿಹಾಕಿದ ಜೆ. ಎಫ್. ಫ್ಲೀಟ್ ಇದನ್ನೂ ಆ ಪಟ್ಟಿಯಲ್ಲಿ ಸೇರಿಸಿದರು. ಹಳೆಯ ದಾನವೊಂದನ್ನು ಈಚೆಗೆ ಮತ್ತೆ ಬರೆದದ್ದಿರಬೇಕು ಎನ್ನುವ ವಿದ್ವಾಂಸರೂ ಇದ್ದಾರೆ. ಯಾವ ಪಕ್ಷವನ್ನು ಹಿಡಿದರೂ ಒಂದು ಮಾತು ನಿಜ: ಆ ತಾಮ್ರಪಟವನ್ನು 5ನೆಯ ಶತಮಾನದ ಪ್ರತ್ಯಕ್ಷ ಸಾಕ್ಷಿಯಾಗಿ ನಿಲ್ಲಿಸಲು ಬರುವುದಿಲ್ಲ. ನಮ್ಮ ಪರಂಪರೆಗೆ ಅನುಕೂಲವಾಗಿದೆ ಎಂಬ ಕಾರಣಕ್ಕೆ ಒಂದು ಆಕರವನ್ನು ಪರೀಕ್ಷೆಯಿಂದ ಬಿಡುವುದು ಜೈನ ವಿದ್ವತ್ತಿಗೆ ಶೋಭಿಸುವುದಿಲ್ಲ.

ಮಾರುವವರ ಭಾಷೆ

ವಸ್ತುವಿನಂತೆ ಅದರ ವರ್ಣನೆಯೂ ಪರೀಕ್ಷೆಗೆ ಅರ್ಹ. ಅಂಚಿನ ಚಿತ್ರವಿಲ್ಲ, ತೂಕವಿಲ್ಲ, ವ್ಯಾಸವಿಲ್ಲ, ಒಂದೇ ಮುಖದ ಮಸುಕು ಛಾಯಾಚಿತ್ರವಿದೆ, 'ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿತು' ಎಂಬ ಕಥೆಯಿದೆ. ಇಂತಹ ಜಾಹೀರಾತಿನಲ್ಲಿ ವಿಶೇಷಣಗಳು ಹೆಚ್ಚಾದಷ್ಟೂ ಮಾಹಿತಿ ಕಡಿಮೆಯಾಗುತ್ತದೆ. ಮಾರುವವನು ಕೇಳಿದ ಬೆಲೆಗೂ ಯಾರಾದರೂ ನಿಜವಾಗಿ ಕೊಟ್ಟ ಬೆಲೆಗೂ ಸಂಬಂಧವಿರಬೇಕೆಂದಿಲ್ಲ. ಲಕ್ಷ ರೂಪಾಯಿ ಎಂದು ಬರೆದ ಮಾತ್ರಕ್ಕೆ ಅದು ಲಕ್ಷ ಬಾಳುವುದಿಲ್ಲ. ಪ್ರಮಾಣಪತ್ರವಿದೆ ಎಂದರೆ ಅದರ ಸಂಖ್ಯೆಯನ್ನು ಕೊಟ್ಟ ಸಂಸ್ಥೆಯ ದಾಖಲೆಯಲ್ಲಿಯೇ ನೋಡಬೇಕು, ಏಕೆಂದರೆ ಪ್ರಮಾಣಪತ್ರಗಳನ್ನೂ ನಕಲು ಮಾಡುತ್ತಾರೆ.

ಮೋಸ ಎರಡು ದಿಕ್ಕಿನಲ್ಲಿ ಹರಿಯುತ್ತದೆ. ಕೊಳ್ಳುವವನು ಒಬ್ಬ ಬಲಿಯಾದರೆ, ತನ್ನ ಬಳಿ ಇರುವ ಹಳೆಯ ನಾಣ್ಯವನ್ನು ಮಾರಲು ಹೊರಟವನು ಇನ್ನೊಬ್ಬ. 'ನಿಮ್ಮ ನಾಣ್ಯಕ್ಕೆ ಲಕ್ಷಗಳು ಬರುತ್ತವೆ, ಮೊದಲು ನೋಂದಣಿ ಶುಲ್ಕ, ತೆರಿಗೆ, ಕಮಿಷನ್ ಕಟ್ಟಿ' ಎಂಬ ಮಾತಿನಲ್ಲಿ ಅವನ ಹಣ ಹೋಗುತ್ತದೆ. ರಿಸರ್ವ್ ಬ್ಯಾಂಕಿನ ಹೆಸರನ್ನೂ ಲಾಂಛನವನ್ನೂ ಬಳಸಿಯೇ ಇಂತಹ ವಂಚನೆ ನಡೆಯುತ್ತಿದೆ ಎಂದು ಆ ಬ್ಯಾಂಕು 2021ರ ಆಗಸ್ಟ್ 4ರಂದು ಎಚ್ಚರಿಕೆ ಕೊಟ್ಟಿತು. ಹಳೆಯ ನೋಟು, ನಾಣ್ಯಗಳ ಕ್ರಯವಿಕ್ರಯದಲ್ಲಿ ತಾನು ತೊಡಗಿಲ್ಲ, ಅದಕ್ಕೆ ಶುಲ್ಕ ಕೇಳುವುದಿಲ್ಲ, ತನ್ನ ಪರವಾಗಿ ಕೇಳಲು ಯಾವ ಸಂಸ್ಥೆಗೂ ಅಧಿಕಾರ ಕೊಟ್ಟಿಲ್ಲ ಎಂದೂ ಸ್ಪಷ್ಟಪಡಿಸಿತು. ಮಾರಿದವನು ಹಣ ಪಡೆಯಬೇಕೇ ಹೊರತು ಮೊದಲು ತಾನೇ ಹಣ ಕೊಡಬೇಕಾದ ಮಾರಾಟ ಲೋಕದಲ್ಲಿಲ್ಲ.

ಪ್ರತಿರೂಪಕ ವ್ಯವಹಾರ

ಉಮಾಸ್ವಾತಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಲಾಗಿದೆ. ಕೊನೆಯದು ಪ್ರತಿರೂಪಕ ವ್ಯವಹಾರ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೃತ್ರಿಮವಾದ ಹಿರಣ್ಯ ಮೊದಲಾದವುಗಳಿಂದ ವಂಚನೆಯ ವ್ಯವಹಾರ ಮಾಡುವುದೆಂದು ಇದನ್ನು ವಿವರಿಸುತ್ತಾರೆ. ವ್ಯಾಪಾರವನ್ನೇ ವೃತ್ತಿಯಾಗಿಸಿಕೊಂಡಿದ್ದ ಶ್ರಾವಕಸಮುದಾಯಕ್ಕೆ ಹೇಳಿದ ಮಾತು ಇದು. ಇದನ್ನು ಅಸತ್ಯದ ಕೆಳಗೆ ಇಡದೆ ಕಳವಿನ ಕೆಳಗೆ ಇಟ್ಟಿರುವುದು ಗಮನಾರ್ಹ. ನಕಲಿ ವಸ್ತುವನ್ನು ಕೊಡುವವನು ಸುಳ್ಳು ಹೇಳುವುದಷ್ಟೇ ಅಲ್ಲ, ಇನ್ನೊಬ್ಬರದನ್ನು ಅವರು ಕೊಡದೆಯೇ ತೆಗೆದುಕೊಳ್ಳುತ್ತಾನೆ. ಅವರು ಕೊಡಲು ಒಪ್ಪಿದ್ದು ಬೇರೆಯದಕ್ಕೆ. ಅದೇ ಪಟ್ಟಿಯಲ್ಲಿ ಕದ್ದು ತಂದುದನ್ನು ಕೊಳ್ಳುವುದೂ ಇದೆ. ಅಂದರೆ ಕೊಳ್ಳುವವನೂ ವಿಚಾರಣೆಯಿಂದ ಹೊರತಲ್ಲ. ಇಂದಿನ ಕಾನೂನೂ ಇದೇ ದಾರಿಯಲ್ಲಿದೆ. ಭಾರತೀಯ ನ್ಯಾಯ ಸಂಹಿತೆಯ 178ನೆಯ ಕಲಂ ಖೋಟಾ ನಾಣ್ಯದ ಅಪರಾಧದಲ್ಲಿ ನಾಣ್ಯದ ತೂಕ ಕುಗ್ಗಿಸುವುದನ್ನೂ ರೂಪ ಬದಲಿಸುವುದನ್ನೂ ಸೇರಿಸಿದೆ.

ಆದರೆ ನಷ್ಟ ಕೊಂಡವನ ಜೇಬಿಗೆ ಮಾತ್ರ ಸೀಮಿತವಲ್ಲ. ಅಸಲಿ ದೋಷನಾಣ್ಯವೊಂದು ಕಮ್ಮಟದ ಒಳಗಿನ ಕೆಲಸದ ದಾಖಲೆ. ಯಾವ ಯಂತ್ರ, ಯಾವ ಕ್ರಮ, ಎಲ್ಲಿ ಎಡವಿತು ಎಂಬುದನ್ನು ಅದು ಹೇಳುತ್ತದೆ. ನಕಲಿಗಳು ಪಟ್ಟಿಗಳಲ್ಲಿ ಸೇರಿದರೆ ಆ ದಾಖಲೆ ಕಲುಷಿತವಾಗುತ್ತದೆ. ಹಳೆಯ ನಾಣ್ಯಗಳ ವಿಷಯದಲ್ಲಿ ನಷ್ಟ ಇನ್ನೂ ದೊಡ್ಡದು. ಸನ್ನತಿಯ ಹೊಲದಲ್ಲಿಯೋ ಕಾಗಿಣಾ ನದಿಯ ದಂಡೆಯಲ್ಲಿಯೋ ಸಿಕ್ಕ ನಾಣ್ಯಕ್ಕೆ ಬೆಲೆ ಬರುವುದು ಅದು ಸಿಕ್ಕ ಜಾಗದಿಂದ. ಊರಿನ ಹೆಸರು ಅಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಕಟ್ಟುಕಥೆಯೊಂದಿಗೆ ಅದನ್ನು ಮಾರಿದರೆ ಅಸಲಿ ನಾಣ್ಯವೂ ಚರಿತ್ರೆಯ ಪಾಲಿಗೆ ಅರ್ಧ ನಕಲಿಯಾಗುತ್ತದೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂಬ ಕಾಯ್ದೆಯೂ, 100 ವರ್ಷ ಮೀರಿದ ನಾಣ್ಯಗಳನ್ನು ಪ್ರಾಚ್ಯವಸ್ತುಗಳೆಂದು ಪರಿಗಣಿಸುವ 1972ರ ಕಾಯ್ದೆಯೂ ಇರುವುದು ಈ ಕಾರಣಕ್ಕೆ.

ಈ ಸೀಮೆಯ ಸಂಶೋಧನಾರ್ಥಿಗಳು ಮಾಡಬಹುದಾದ ಒಂದು ಕೆಲಸವಿದೆ. ಐದೂ ಊರುಗಳ ಮನೆಗಳಲ್ಲಿ ಹಾಲಿ ಸಿಕ್ಕಾಗಳೂ ಕಲ್ದಾರಗಳೂ ಇನ್ನೂ ಉಳಿದಿರಬಹುದು. ಅವನ್ನು ಕೊಳ್ಳಬೇಕಿಲ್ಲ, ಬೆಲೆ ಕಟ್ಟಬೇಕಿಲ್ಲ. ಮನೆಯವರ ಒಪ್ಪಿಗೆಯಿಂದ ಎರಡೂ ಮುಖಗಳ ಮತ್ತು ಅಂಚಿನ ಚಿತ್ರ ತೆಗೆದು, ತೂಕ, ವ್ಯಾಸ, ಇಸವಿ ಬರೆದುಕೊಂಡು, ಅದು ಯಾವ ಊರಿನಲ್ಲಿ ಹೇಗೆ ಉಳಿದು ಬಂದಿತೆಂಬುದನ್ನು ಹೇಳಿದವರ ಮಾತಿನಲ್ಲಿಯೇ ದಾಖಲಿಸಬೇಕು. ಬ್ರಿಟಿಷ್ ಇಂಡಿಯಾದ ಬೆಳ್ಳಿ ರೂಪಾಯಿ 11.66 ಗ್ರಾಂ, ಚಾರ್‌ಮಿನಾರಿನ ರೂಪಾಯಿ ಸುಮಾರು 11.2 ಗ್ರಾಂ ತೂಗಬೇಕು. ಸವೆತಕ್ಕೆ ಸ್ವಲ್ಪ ಕಳೆದರೂ ಆ ಅಂತರ ತಕ್ಕಡಿಗೆ ತಿಳಿಯುತ್ತದೆ. ಇಂತಹ ನೂರು ನಾಣ್ಯಗಳ ನಿಷ್ಠುರ ಪಟ್ಟಿಯೊಂದು ಸಿದ್ಧವಾದರೆ, ಮುಂದೆ ಯಾವನಾದರೂ ಇಲ್ಲಿಯದೆಂದು ಹೇಳಿ ಮಾರಾಟಕ್ಕೆ ತಂದ ವಿಚಿತ್ರವಾದ ನಾಣ್ಯವನ್ನು ಅದರ ಪಕ್ಕದಲ್ಲಿಟ್ಟು ನೋಡಬಹುದು.